ಒಂಟಿ ಓದಿನ ದುಬಾರಿ ಲೆಕ್ಕ

ಓದಲು ಹೊರದೇಶಕ್ಕೆ ಹೊರಟವರಿಗೆ ನಮ್ಮಲ್ಲಿ ಎರಡು ಬಗೆಯ ಬುದ್ಧಿಮಾತು ಸಿಗುತ್ತದೆ. ಹಿರಿಯರು ‘ಹೋಗಿರೋದು ಓದೋಕೆ, ಸ್ನೇಹ ಸುತ್ತಾಟ ಎಲ್ಲ ಆಮೇಲೆ’ ಎನ್ನುತ್ತಾರೆ. ಆಗಲೇ ಅಲ್ಲಿರುವ ಸೀನಿಯರುಗಳು ‘ಬರೀ ಓದ್ತಾ ಕೂತ್ರೆ ತಲೆ ಕೆಡುತ್ತೆ, ಸ್ವಲ್ಪ ಲೈಫ್ ಎಂಜಾಯ್ ಮಾಡು’ ಎನ್ನುತ್ತಾರೆ. ಕೇಳುವುದಕ್ಕೆ ಇವು ತದ್ವಿರುದ್ಧ ಮಾತುಗಳು. ಆದರೆ ಎರಡರ ಅಡಿಯಲ್ಲಿರುವ ನಂಬಿಕೆ ಒಂದೇ: ಓದು ತಕ್ಕಡಿಯ ಒಂದು ತಟ್ಟೆ, ಒಡನಾಟ ಇನ್ನೊಂದು ತಟ್ಟೆ, ಒಂದು ತೂಗಿದರೆ ಇನ್ನೊಂದು ಮೇಲೇಳಲೇಬೇಕು. ನನ್ನ ತಕರಾರು ಇರುವುದು ಈ ನಂಬಿಕೆಯ ಬಗ್ಗೆ. ವಿದೇಶದ ವಿಶ್ವವಿದ್ಯಾಲಯಗಳಲ್ಲಿ, ಅದರಲ್ಲೂ ಈಗ ಕರ್ನಾಟಕದಿಂದ ಎಂಜಿನಿಯರಿಂಗ್ ಪದವೀಧರರು ಸಾಲುಗಟ್ಟಿ ಹೋಗುತ್ತಿರುವ ಜರ್ಮನಿಯಲ್ಲಿ, ಓದನ್ನೂ ಒಡನಾಟವನ್ನೂ ಬೇರೆ ಬೇರೆ ಇಟ್ಟುಕೊಂಡವರು ಎರಡನ್ನೂ ಕಳೆದುಕೊಳ್ಳುವ ಸಂಭವವೇ ಹೆಚ್ಚು.

ಇದಕ್ಕೆ ಒಳ್ಳೆಯ ಸಾಕ್ಷ್ಯ ಸಿಗುವುದು ಜರ್ಮನಿಯಲ್ಲಲ್ಲ, ಅಮೆರಿಕದ ಬರ್ಕ್ಲಿಯಲ್ಲಿ. ಯೂರಿ ಟ್ರೀಸ್ಮನ್ ಎಂಬ ಗಣಿತದ ಅಧ್ಯಾಪಕರು 1970ರ ದಶಕದಲ್ಲಿ ಅಲ್ಲಿ ಒಂದು ಪ್ರಶ್ನೆ ಹಿಡಿದು ಹೊರಟರು: ಕಪ್ಪು ವಿದ್ಯಾರ್ಥಿಗಳು ಮೊದಲ ವರ್ಷದ ಕ್ಯಾಲ್ಕುಲಸ್‌ನಲ್ಲಿ ಇಷ್ಟೊಂದು ಸಂಖ್ಯೆಯಲ್ಲಿ ಸೋಲುವುದೇಕೆ, ಚೀನೀ ಮೂಲದವರು ಗೆಲ್ಲುವುದೇಕೆ? ಸಹೋದ್ಯೋಗಿಗಳನ್ನು ಕೇಳಿದರೆ ಉತ್ತರ ಸಿದ್ಧವಾಗಿತ್ತು: ಛಲ ಸಾಲದು, ಶಾಲೆಯ ತಳಪಾಯ ಸರಿಯಿಲ್ಲ, ಮನೆಯಲ್ಲಿ ಒತ್ತಾಸೆಯಿಲ್ಲ, ಬಡತನ. ಟ್ರೀಸ್ಮನ್ ಎರಡೂ ಗುಂಪುಗಳಿಂದ ಇಪ್ಪತ್ತಿಪ್ಪತ್ತು ವಿದ್ಯಾರ್ಥಿಗಳನ್ನು ಆರಿಸಿಕೊಂಡು, ಅವರು ತರಗತಿಯ ಹೊರಗೆ ಹೇಗೆ ಓದುತ್ತಾರೆಂದು ತಿಂಗಳುಗಟ್ಟಲೆ ಹಿಂದೆ ಬಿದ್ದು ನೋಡಿದರು. ಆ ಉತ್ತರಗಳಲ್ಲಿ ಒಂದೂ ನಿಲ್ಲಲಿಲ್ಲ. ಸೋಲುತ್ತಿದ್ದವರು ಸೋಮಾರಿಗಳೇನೂ ಅಲ್ಲ. ಹೇಳಿದಷ್ಟು ಹೊತ್ತು, ವಾರಕ್ಕೆ ಆರೆಂಟು ಗಂಟೆ, ಶಿಸ್ತಾಗಿ ಓದುತ್ತಿದ್ದರು. ಆದರೆ ಒಬ್ಬೊಬ್ಬರೇ ಓದುತ್ತಿದ್ದರು. ಗೆಳೆಯರಿದ್ದರು, ಅವರ ಜೊತೆ ಓದಿನ ಮಾತಿರಲಿಲ್ಲ. ಚೀನೀ ಮೂಲದವರು ಮೊದಲು ತಾವೇ ಲೆಕ್ಕ ಬಿಡಿಸಿ, ಸಂಜೆ ಒಟ್ಟಿಗೆ ಕೂತು ಊಟ ಮಾಡುತ್ತ, ಹರಟುತ್ತ, ಒಬ್ಬರ ಉತ್ತರವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಹಾಗಾಗಿ ಅವರ ಓದು ಅರಿವಿಲ್ಲದೆಯೇ ಹದಿನಾಲ್ಕು ಗಂಟೆಯ ಆಸುಪಾಸಿಗೆ ಬೆಳೆಯುತ್ತಿತ್ತು. ಯಾವ ಲೆಕ್ಕ ಎಲ್ಲರಿಗೂ ಕಷ್ಟವಾಗಿದೆ, ಯಾವುದು ತನಗೊಬ್ಬನಿಗೇ ಕಷ್ಟವಾಗಿದೆ ಎಂಬುದು ಅವರಿಗೆ ತಿಳಿಯುತ್ತಿತ್ತು. ಒಂಟಿಯಾಗಿ ಓದುವವನಿಗೆ ಇದು ಗೊತ್ತಾಗುವುದು ಫಲಿತಾಂಶ ಬಂದ ಮೇಲೆ. ಟ್ರೀಸ್ಮನ್ ನಂತರ ಕಪ್ಪು ವಿದ್ಯಾರ್ಥಿಗಳಿಗಾಗಿ ಇಂಥದೇ ಸಾಮೂಹಿಕ ಓದಿನ ಕಾರ್ಯಾಗಾರಗಳನ್ನು ನಡೆಸಿದಾಗ ಅವರ ಫಲಿತಾಂಶವೂ ಏರಿತು. ಆ ಮಾದರಿ ಆಮೇಲೆ ಅಮೆರಿಕದ ಹಲವು ಕ್ಯಾಂಪಸ್‌ಗಳಿಗೆ ಹರಡಿತು.

ಬರ್ಕ್ಲಿಯ ಕಪ್ಪು ವಿದ್ಯಾರ್ಥಿಗಳಿಗೂ ಬೆಂಗಳೂರಿನಿಂದ ಡ್ರೆಸ್ಡನ್ನಿಗೋ ಆಖನ್ನಿಗೋ ಹೋದ ಹುಡುಗಿಗೂ ಏನು ಸಂಬಂಧ ಎಂದು ಕೇಳಬಹುದು. ಎರಡೂ ಕಡೆ ಶಿಸ್ತೇ ಮುಳುವಾಗುತ್ತದೆ. ನಮ್ಮ ಪಿಯುಸಿ, ಸಿಇಟಿ, ನೀಟ್ ಕೋಚಿಂಗ್‌ಗಳೆಲ್ಲ ಕಲಿಸಿದ್ದು ಬಾಗಿಲು ಹಾಕಿಕೊಂಡು ಓದುವುದನ್ನು. ಪಕ್ಕದವನು ಪ್ರತಿಸ್ಪರ್ಧಿ, ಅವನಿಗೆ ನೋಟ್ಸ್ ಕೊಟ್ಟರೆ ನಮ್ಮ ರ್‍ಯಾಂಕ್ ಹೋಯಿತು. ಅಂಥ ಓದು ಇಲ್ಲಿ ಹೇಗೋ ನಡೆದುಬಿಡುತ್ತದೆ, ಯಾಕೆಂದರೆ ಉಳಿದದ್ದನ್ನೆಲ್ಲ ವ್ಯವಸ್ಥೆ ನೋಡಿಕೊಳ್ಳುತ್ತದೆ. ವಿಟಿಯು ಕಾಲೇಜಿನಲ್ಲಿ ಶೇ 85ರಷ್ಟು ಹಾಜರಾತಿ ಬೇಕು, ನಡುನಡುವೆ ಇಂಟರ್ನಲ್ಸ್ ಬರುತ್ತವೆ, ಹಿಂದೆ ಬಿದ್ದವನ ಮನೆಗೆ ಫೋನು ಹೋಗುತ್ತದೆ. ಜರ್ಮನಿಯಲ್ಲಿ ಇದು ಯಾವುದೂ ಇಲ್ಲ. ಉಪನ್ಯಾಸಕ್ಕೆ ಬಂದರೂ ಆಯಿತು, ಬಾರದಿದ್ದರೂ ಆಯಿತು. ಎಷ್ಟೋ ವಿಷಯಗಳಲ್ಲಿ ಇಡೀ ಸೆಮಿಸ್ಟರಿಗೆ ಇರುವುದು ಕೊನೆಯ ಒಂದೇ ಪರೀಕ್ಷೆ. ಅದಕ್ಕೂ ಗಡುವಿನೊಳಗೆ ನಾವೇ ಹೆಸರು ನೋಂದಾಯಿಸಬೇಕು, ಮರೆತರೆ ನೆನಪಿಸುವವರಿಲ್ಲ. ಬಹಳ ಕಡೆ ಒಂದು ಪರೀಕ್ಷೆಗೆ ಮೂರೇ ಅವಕಾಶ. ಮೂರನೆಯದರಲ್ಲೂ ಫೇಲಾದರೆ ಕೋರ್ಸಿನಿಂದಲೇ ಹೊರಬೀಳಬೇಕು, ಅದೇ ಕೋರ್ಸನ್ನು ಆ ದೇಶದ ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಹಿಡಿಯುವುದೂ ಸಾಮಾನ್ಯವಾಗಿ ಆಗದು. ಇತ್ತ ಕಡಿಮೆ ಅಂಕದಲ್ಲಿ ಪಾಸಾದರೂ ಗೋಳೇ: ಪಾಸಾದ ಪರೀಕ್ಷೆಯನ್ನು ಅಂಕ ಹೆಚ್ಚಿಸಿಕೊಳ್ಳಲೆಂದು ಮತ್ತೆ ಬರೆಯಲು ಸಾಧಾರಣವಾಗಿ ಬಿಡುವುದಿಲ್ಲ.

ಇಂಥ ವ್ಯವಸ್ಥೆಯಲ್ಲಿ ದಾರಿ ತೋರಿಸುವವರು ಸಹಪಾಠಿಗಳು. ಹಳೆಯ ಪ್ರಶ್ನೆಪತ್ರಿಕೆಗಳು ಸಿಗುವುದು ಅಂಗಡಿಯಲ್ಲಲ್ಲ, ಫಾಖ್‌ಶಾಫ್ಟ್ ಎಂಬ ವಿಭಾಗವಾರು ವಿದ್ಯಾರ್ಥಿ ಮಂಡಳಿಯಲ್ಲಿ. ಅಲ್ಲಿ ಕೇಳಬೇಕು ಎಂದು ಹೇಳಲೂ ಒಬ್ಬರು ಬೇಕು. ಯಾವ ಪ್ರೊಫೆಸರು ಮೌಖಿಕ ಪರೀಕ್ಷೆಯಲ್ಲಿ ಏನನ್ನು ಕೆದಕುತ್ತಾರೆ, ಯಾವ ಲ್ಯಾಬಿನಲ್ಲಿ ಥೀಸಿಸ್‌ಗೆ ಜಾಗವಿದೆ, ಯಾವ ವಿಷಯವನ್ನು ಮುಂದಿನ ಸೆಮಿಸ್ಟರಿಗೆ ದೂಡುವುದು ಲೇಸು, ಇವೆಲ್ಲ ಮೆನ್ಜಾದಲ್ಲಿ, ಅಂದರೆ ವಿದ್ಯಾರ್ಥಿಗಳ ಊಟದ ಹಾಲಿನಲ್ಲಿ, ತಟ್ಟೆ ಹಿಡಿದು ಪಕ್ಕದಲ್ಲಿ ಕೂತವರಿಗೆ ತಿಳಿಯುವ ಸಂಗತಿಗಳು. ಜರ್ಮನ್ ವಿದ್ಯಾರ್ಥಿಗಳು ಮೊದಲ ವಾರಗಳಲ್ಲೇ ಲೆರ್ನ್‌ಗ್ರುಪ್ಪೆ ಎಂಬ ಓದಿನ ಗುಂಪು ಕಟ್ಟಿಕೊಳ್ಳುವುದು ಹರಟೆಯ ಚಪಲಕ್ಕಲ್ಲ. ಆ ವ್ಯವಸ್ಥೆಯಲ್ಲಿ ಅದೇ ಅವರ ಹಾಜರಾತಿ, ಅದೇ ಇಂಟರ್ನಲ್ಸ್. ‘ಮೊದಲು ಓದು ಒಂದು ಹದಕ್ಕೆ ಬರಲಿ, ಆಮೇಲೆ ಜನರ ಪರಿಚಯ’ ಎಂದುಕೊಂಡ ನಮ್ಮವರು ಆ ಹೊತ್ತಿಗೆ ಕೋಣೆಯಲ್ಲಿ ಸ್ಲೈಡುಗಳನ್ನು ಓದುತ್ತಿರುತ್ತಾರೆ. ಡಿಸೆಂಬರಿನಲ್ಲಿ ಎದ್ದು ನೋಡಿದರೆ ಗುಂಪುಗಳೆಲ್ಲ ಭರ್ತಿ.

ಇದಕ್ಕೆಲ್ಲ ಸಮಯ ಎಲ್ಲಿದೆ ಎಂಬುದು ಮೊದಲ ಆಕ್ಷೇಪ. ಲೆಕ್ಕ ಹಾಕಿಯೇ ನೋಡೋಣ. ಯುರೋಪಿನ ಕ್ರೆಡಿಟ್ ಪದ್ಧತಿಯಲ್ಲಿ ಸೆಮಿಸ್ಟರಿಗೆ 30 ಕ್ರೆಡಿಟ್. ಜರ್ಮನಿಯಲ್ಲಿ ಒಂದು ಕ್ರೆಡಿಟ್‌ಗೆ ಸಾಮಾನ್ಯವಾಗಿ 30 ಗಂಟೆಯ ದುಡಿಮೆ ಎಂದು ಹಿಡಿಯುವುದರಿಂದ ಒಟ್ಟು 900 ಗಂಟೆ. ಇದನ್ನು ಆರು ತಿಂಗಳ 26 ವಾರಗಳಿಗೆ ಹಂಚಿದರೆ ವಾರಕ್ಕೆ 35 ಗಂಟೆಯೂ ಆಗುವುದಿಲ್ಲ. ಆದರೆ ತರಗತಿ ನಡೆಯುವುದು ಹದಿನೈದು ವಾರಗಳ ಆಸುಪಾಸು ಮಾತ್ರ. ಉಳಿದ ಕಾಲವನ್ನು ರಜೆ ಎಂದುಕೊಂಡು ಎಲ್ಲವನ್ನೂ ಅಷ್ಟರಲ್ಲೇ ತುರುಕಿದರೆ ವಾರಕ್ಕೆ 60 ಗಂಟೆ. ಅದು ರಜೆಯಲ್ಲ, ಓದಲೆಂದೇ ಪಾಠವಿಲ್ಲದೆ ಬಿಟ್ಟ ಕಾಲ ಎಂಬುದು ಎಷ್ಟೋ ಮಂದಿಗೆ ಮೊದಲ ಸೆಮಿಸ್ಟರಿನಲ್ಲಿ ಅರ್ಥವಾಗುವುದೇ ಇಲ್ಲ. ಸರಿ, ವಾರಕ್ಕೆ 40 ಗಂಟೆ ಓದು ಎಂದೇ ಇಟ್ಟುಕೊಳ್ಳೋಣ. ವಾರದ 168 ಗಂಟೆಗಳಲ್ಲಿ ನಿದ್ದೆಗೆ 56, ಓದಿಗೆ 40, ಕೂಲಿ ಕೆಲಸಕ್ಕೆ 20, ಅಡುಗೆ, ಬಟ್ಟೆ, ಸಾಮಾನು, ಓಡಾಟಕ್ಕೆ ಧಾರಾಳವಾಗಿ 25 ಕಳೆದರೂ 27 ಗಂಟೆ ಮಿಗುತ್ತದೆ. ಅಂದರೆ ಸಮಯವಿದೆ. ಇಲ್ಲದಿರುವುದು ನಾಲ್ಕು ಜನರಿಗೆ ಒಟ್ಟಿಗೆ ಬಿಡುವಾಗುವ ಸಮಯ. ಮಿಕ್ಕ ಆ 27 ಗಂಟೆ ಅರ್ಧ ಗಂಟೆ, ಮುಕ್ಕಾಲು ಗಂಟೆಯ ಚೂರುಗಳಾಗಿ ಒಡೆದುಹೋಗಿರುತ್ತದೆ, ಆ ಚೂರುಗಳನ್ನು ಕೈಯಲ್ಲಿರುವ ಫೋನು ನುಂಗುತ್ತದೆ. ಭಾನುವಾರ ಅಂಗಡಿಗಳು ಮುಚ್ಚಿರುವ ಆ ದೇಶದಲ್ಲಿ ಶನಿವಾರವೂ ದಿನಸಿಯ ಪಾಲಾಗುತ್ತದೆ.

ಸ್ನೇಹಕ್ಕೆ ಎಷ್ಟು ಗಂಟೆ ಬೇಕೆಂಬುದಕ್ಕೂ ಒಂದು ಅಂದಾಜು ಇದೆ. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಊರಿಗೆ ಬಂದವರನ್ನೂ ಮೊದಲ ವರ್ಷದ ವಿದ್ಯಾರ್ಥಿಗಳನ್ನೂ ವಿಚಾರಿಸಿದರು. ಬರೀ ಪರಿಚಯ ಒಂದು ಮಟ್ಟದ ಸ್ನೇಹವಾಗಲು ಒಟ್ಟಿಗೆ ಕಳೆದ 50 ಗಂಟೆ, ಸ್ನೇಹಿತ ಎನ್ನಿಸಿಕೊಳ್ಳಲು ಸುಮಾರು 90, ಆಪ್ತನಾಗಲು 200ಕ್ಕೂ ಹೆಚ್ಚು ಗಂಟೆ ಬೇಕು ಎಂದು ಅವರು ಕಂಡುಕೊಂಡರು. ತಿಂಗಳಿಗೊಮ್ಮೆ ಪಾರ್ಟಿಗೆ ಹೋಗಿ ಸಾಮಾಜಿಕ ಜೀವನ ನಡೆಸಿದೆನೆಂದುಕೊಳ್ಳುವವನು ಎರಡು ವರ್ಷದ ಮಾಸ್ಟರ್ಸ್ ಮುಗಿಸಿದರೂ 200ನ್ನು ಮುಟ್ಟಲಾರ. ಅದೇ ವಾರಕ್ಕೆ ನಾಲ್ಕು ಗಂಟೆಯ ಓದಿನ ಗುಂಪು, ಮೂರು ದಿನ ಒಂದೊಂದು ಗಂಟೆ ಒಟ್ಟಿಗೆ ಊಟ ಎಂದಿಟ್ಟುಕೊಂಡರೆ ಹದಿನೈದು ವಾರಗಳಲ್ಲಿ 105 ಗಂಟೆಯಾಗುತ್ತದೆ. ಇದರಲ್ಲಿ ಒಂದು ತೊಡಕನ್ನು ಮುಚ್ಚಿಡಬಾರದು. ಒಟ್ಟಿಗೆ ಕೆಲಸ ಮಾಡಿದ ಗಂಟೆಗಳು ಸ್ನೇಹಕ್ಕೆ ಅಷ್ಟಾಗಿ ಜಮೆಯಾಗುವುದಿಲ್ಲ, ಕಾಡುಹರಟೆಯ ಗಂಟೆಗಳು ಹೆಚ್ಚು ಜಮೆಯಾಗುತ್ತವೆ ಎಂದೂ ಹಾಲ್ ಹೇಳುತ್ತಾರೆ. ಹಾಗಿದ್ದರೆ ನನ್ನ ವಾದ ಬಿದ್ದುಹೋಯಿತೇ? ಇಲ್ಲ. ಹರಟೆಗೆ ಎದುರಿಗೊಬ್ಬರು ಬೇಕು. ಪರವೂರಿನಲ್ಲಿ ಅಪರಿಚಿತನ ಎದುರು ಕೂರಲು ನೆಪ ಬೇಕು. ಓದು ಆ ನೆಪ ಒದಗಿಸುತ್ತದೆ. ಗುಂಪು ಮುಗಿದ ತಕ್ಷಣ ಚೀಲ ಏರಿಸಿ ಹೊರಡುವವನಿಗೆ ಅಂಕವಷ್ಟೇ ಸಿಗುತ್ತದೆ, ಕಾಫಿಗೆ ನಿಂತವನಿಗೆ ಗೆಳೆಯರೂ ಸಿಗುತ್ತಾರೆ. ಇದರಲ್ಲಿ ಕೃತಕವಾದದ್ದೇನೂ ಇಲ್ಲ. ಓದಿಗಾಗಿ ಸ್ನೇಹ ಮಾಡುವುದು ವ್ಯಾಪಾರವಾಯಿತಲ್ಲ ಎಂದು ಮೂಗು ಮುರಿಯುವವರು ತಮ್ಮ ಹಳೆಯ ಗೆಳೆಯರ ಹೆಸರು ನೆನೆಸಿಕೊಂಡರೆ ಸಾಕು. ಹೆಚ್ಚಿನವರು ಒಂದೇ ಬೆಂಚಿನವರೋ ಒಂದೇ ಬಸ್ಸಿನವರೋ ಆಗಿರುತ್ತಾರೆ.

ಇನ್ನು ನಿಜವಾದ ಆಕ್ಷೇಪ, ದುಡ್ಡಿನದು. ಇದನ್ನು ಬುದ್ಧಿಮಾತಿನಿಂದ ತಳ್ಳಿಹಾಕಲು ಬರುವುದಿಲ್ಲ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬುದು ನಮ್ಮ ಮಧ್ಯಮ ವರ್ಗವನ್ನು ಸೆಳೆದ ಮೊದಲ ಸಂಗತಿ. ಈಗ ಅದಕ್ಕೂ ಅಪವಾದಗಳಿವೆ: ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಹಾಕುತ್ತದೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಮಾಸ್ಟರ್ಸ್‌ಗೆ 2024ರ ಚಳಿಗಾಲದಿಂದ ಅದು 4,000ದಿಂದ 6,000 ಯೂರೊ. ಶುಲ್ಕವಿರಲಿ ಬಿಡಲಿ, ವೀಸಾಕ್ಕೆ ವರ್ಷಕ್ಕೆ 11,904 ಯೂರೊ ಬ್ಲಾಕ್ಡ್ ಅಕೌಂಟಿನಲ್ಲಿ ಇಟ್ಟು ತೋರಿಸಬೇಕು. ಅದು ತಿಂಗಳಿಗೆ 992 ಯೂರೊದಂತೆ ಕೈಗೆ ಬರುತ್ತದೆ. ಮ್ಯೂನಿಕ್‌ನಂಥ ಊರಿನಲ್ಲಿ ಖಾಸಗಿ ಕೋಣೆ ಹಿಡಿದವರಿಗೆ ಅದರ ದೊಡ್ಡ ಪಾಲು ಬಾಡಿಗೆಗೇ ಹೋಗುತ್ತದೆ. ಮೊದಲ ವರ್ಷದ ಹಣ ಹೇಗೋ ಸಾಲದಿಂದ ಆಯಿತು, ಎರಡನೆಯ ವರ್ಷದ್ದು ದುಡಿದೇ ಹೊಂದಿಸಬೇಕೆಂಬ ಲೆಕ್ಕದಲ್ಲಿ ಹೊರಟವರು ಕಡಿಮೆಯಿಲ್ಲ. ಅವರಿಗೆ ಸಮತೋಲನದ ಮಾತು ಬಿಸಿಲಲ್ಲಿ ನಿಂತವನಿಗೆ ನೆರಳಿನ ವರ್ಣನೆಯಂತೆ ಕೇಳಿಸುವುದು ಸಹಜ.

ಆದರೆ ಇಲ್ಲೂ ಎಷ್ಟು ಗಂಟೆ ದುಡಿದೆ ಎಂಬುದಕ್ಕಿಂತ ಯಾವ ಗಂಟೆ ದುಡಿದೆ ಎಂಬುದೇ ಮುಖ್ಯವಾಗುತ್ತದೆ. ಕಾನೂನಿನಂತೆ ವಿದೇಶಿ ವಿದ್ಯಾರ್ಥಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. 2024ರ ಮಾರ್ಚ್‌ಗೆ ಮೊದಲು ಇದು 120 ಮತ್ತು 240 ಇತ್ತು. ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಎಂಬುದು ರೂಢಿಯ ಮಿತಿ. 2025ರ ಕನಿಷ್ಠ ವೇತನ ಗಂಟೆಗೆ 12.82 ಯೂರೊದಂತೆ ವಾರಕ್ಕೆ ಹತ್ತು ಗಂಟೆ ದುಡಿದರೂ ತಿಂಗಳಿಗೆ 550 ಯೂರೊ ದಾಟುತ್ತದೆ. ಬೇಗ ಸಿಗುವ ಕೆಲಸಗಳೆಂದರೆ ಊಟದ ಡೆಲಿವರಿ, ಗೋದಾಮಿನ ಪ್ಯಾಕಿಂಗ್, ಹೋಟೆಲಿನ ಪಾತ್ರೆ. ಅವುಗಳ ಪಾಳಿ ಬೀಳುವುದು ಸಂಜೆ, ರಾತ್ರಿ, ವಾರಾಂತ್ಯ; ಅಂದರೆ ಸಹಪಾಠಿಗಳು ಒಟ್ಟಿಗೆ ಕೂರುವ ಹೊತ್ತಿನಲ್ಲೇ. ಹಗಲು ಪಾಠ, ಇರುಳು ಪಾಳಿ ಎಂದಾದವನು ಒಡನಾಟ ಕಳೆದುಕೊಂಡು ಕೊನೆಗೆ ಪರೀಕ್ಷೆಯನ್ನೂ ಕಳೆದುಕೊಂಡರೆ, ಒಂದು ಸೆಮಿಸ್ಟರ್ ಹೆಚ್ಚಾಗಿ ಸುಮಾರು 6,000 ಯೂರೊದ ಜೀವನವೆಚ್ಚ ಮೇಲೆ ಬೀಳುತ್ತದೆ. ಗೋದಾಮಿನಲ್ಲಿ ದುಡಿದದ್ದು ಅಲ್ಲಿಗೆ ಸರಿಹೋಯಿತು. ಇದಕ್ಕೆ ಪ್ರತಿಯಾಗಿ ಹೀವಿ ಎಂದು ಕರೆಯುವ ವಿದ್ಯಾರ್ಥಿ ಸಹಾಯಕನ ಕೆಲಸವಿದೆ: ಪ್ರೊಫೆಸರರ ವಿಭಾಗದಲ್ಲೇ ಪ್ರಯೋಗ, ಪ್ರೋಗ್ರಾಮಿಂಗ್, ಟ್ಯುಟೋರಿಯಲ್. ಅದು ಆ 140 ದಿನಗಳ ಮಿತಿಗೂ ಬರುವುದಿಲ್ಲ, ಹಗಲಿನ ಕೆಲಸ, ಓದಿಗೂ ಹತ್ತಿರ. ಅದು ಎಲ್ಲರಿಗೂ ಸಿಗುವುದಿಲ್ಲ, ಒಪ್ಪಿದೆ. ಸಿಗುವುದು ಬಹುಮಟ್ಟಿಗೆ ಟ್ಯುಟೋರಿಯಲ್ಲಿನಲ್ಲಿ ಬಾಯಿಬಿಟ್ಟು ಪ್ರಶ್ನೆ ಕೇಳಿದವರಿಗೆ, ‘ನಮ್ಮ ವಿಭಾಗದಲ್ಲಿ ಒಂದು ಜಾಗ ಖಾಲಿಯಿದೆ’ ಎಂದು ಹೇಳುವ ಗೆಳೆಯನಿದ್ದವರಿಗೆ. ದುಡ್ಡಿನ ದಾರಿ ಕೂಡ ಒಡನಾಟದ ಮೂಲಕವೇ ಹೋಗುತ್ತದೆ.

ಯಾರ ಒಡನಾಟ ಎಂಬ ಪ್ರಶ್ನೆ ಉಳಿಯುತ್ತದೆ. ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 2024–25ರ ಹೊತ್ತಿಗೆ ಜರ್ಮನಿಯಲ್ಲಿ 59 ಸಾವಿರ ದಾಟಿದೆ. ಚೀನೀಯರನ್ನು ಹಿಂದಿಕ್ಕಿ ಅಲ್ಲಿನ ವಿದೇಶಿ ವಿದ್ಯಾರ್ಥಿಗಳಲ್ಲಿ ಮೊದಲ ಸ್ಥಾನ ನಮ್ಮದು. ಹೀಗಾಗಿ ಇಂಗ್ಲಿಷ್ ಮಾಧ್ಯಮದ ಕೆಲವು ಎಂಜಿನಿಯರಿಂಗ್ ಕೋರ್ಸುಗಳಲ್ಲಿ ತರಗತಿಯ ತುಂಬ ನಮ್ಮವರೇ. ‘ಅಲ್ಲಿಗೆ ಹೋಗಿಯೂ ನಮ್ಮವರ ಜೊತೆಗೇ ಇರುವುದಾದರೆ ಹೋಗುವುದೇಕೆ’ ಎಂಬ ಕುಹಕ ಆಗಾಗ ಕೇಳುತ್ತದೆ. ಈ ಕುಹಕ ನನಗೆ ಒಪ್ಪಿಗೆಯಿಲ್ಲ. ಸ್ಟೀಫನ್ ಬಾಕ್ನರ್ ಮತ್ತು ಸಂಗಡಿಗರು ಹವಾಯಿಯಲ್ಲಿ ಓದುತ್ತಿದ್ದ ವಿದೇಶಿ ವಿದ್ಯಾರ್ಥಿಗಳನ್ನು ಗಮನಿಸಿ 1977ರಲ್ಲೇ ಹೇಳಿದಂತೆ, ಪರದೇಶದ ವಿದ್ಯಾರ್ಥಿಗೆ ಮೂರು ಬಳಗಗಳು ಬೇಕು, ಮೂರಕ್ಕೂ ಬೇರೆ ಬೇರೆ ಕೆಲಸ. ತನ್ನ ದೇಶದವರ ನಡುವೆ ಮನಸ್ಸು ಬಿಚ್ಚುತ್ತಾನೆ, ತನ್ನತನ ಉಳಿಸಿಕೊಳ್ಳುತ್ತಾನೆ. ಆ ನೆಲದವರಿಂದ ಓದಿನ, ಉದ್ಯೋಗದ, ಕಚೇರಿಯ ದಾರಿಗಳನ್ನು ಕಲಿಯುತ್ತಾನೆ. ಬೇರೆ ವಿದೇಶಿಯರ ಜೊತೆ ಆಟಪಾಟ ನಡೆಸುತ್ತಾನೆ. ಫ್ರಾಂಕ್‌ಫರ್ಟ್‌ನ ರೈನ್-ಮೈನ್ ಕನ್ನಡ ಸಂಘ, ಮ್ಯೂನಿಕ್‌ನ ಸಿರಿಗನ್ನಡ ಕೂಟಗಳ ರಾಜ್ಯೋತ್ಸವಕ್ಕೆ ಹೋದ ಹುಡುಗ ಕಾಲಹರಣ ಮಾಡುತ್ತಿಲ್ಲ. ನವೆಂಬರಿನಲ್ಲಿ ಐದು ಗಂಟೆಯೊಳಗೆ ಕತ್ತಲಾಗುವ ಊರಿನಲ್ಲಿ ಅವನಿಗೆ ಅದು ಬೇಕು. ಅಲ್ಲಿ ಹತ್ತಾರು ವರ್ಷ ನೌಕರಿ ಮಾಡಿದ ಕನ್ನಡಿಗರೂ ಸಿಗುತ್ತಾರೆ. ತೊಂದರೆ ಬರುವುದು ಮೊದಲ ಬಳಗವೊಂದೇ ಮೂರರ ಕೆಲಸವನ್ನೂ ಮಾಡಲಿ ಎಂದು ಬಯಸಿದಾಗ. ಒಂದೇ ಫ್ಲ್ಯಾಟಿನಲ್ಲಿ ನಾಲ್ವರು ಇದ್ದು, ನಾಲ್ವರಿಗೂ ಪರೀಕ್ಷೆಯ ನೋಂದಣಿಯ ಗಡುವು ಗೊತ್ತಿಲ್ಲವೆಂದರೆ ಆ ಸ್ನೇಹದಿಂದ ಓದಿಗೆ ಉಪಯೋಗವಿಲ್ಲ.

ಎರಡನೆಯ ಬಳಗಕ್ಕೆ ಅಡ್ಡ ಬರುವುದು ಭಾಷೆ. ಕೋರ್ಸು ಇಂಗ್ಲಿಷಿನಲ್ಲಿದ್ದರೂ ಊರು ಜರ್ಮನ್‌ನಲ್ಲಿ ನಡೆಯುತ್ತದೆ, ಮೆನ್ಜಾದ ಮೇಜಿನ ಹರಟೆಯೂ ಜರ್ಮನ್‌ನಲ್ಲೇ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್‌ನ ಮೊದಲ ಹಂತವಾದ ಎ1 ಮುಗಿಸಿ ಕೈತೊಳೆದುಕೊಳ್ಳುವ ಬದಲು ಬಿ1ವರೆಗೆ ಕಲಿತು ಹೋದವರಿಗೆ ಮೊದಲ ಸೆಮಿಸ್ಟರ್ ಬೇರೆಯೇ ಆಗಿರುತ್ತದೆ. ಸಂಕೋಚದ ಸ್ವಭಾವದವರಿಗೆ ಅಲ್ಲಿ ಒಂದು ಅನುಕೂಲವಿದೆ: ವಿಶ್ವವಿದ್ಯಾಲಯದ ಕ್ರೀಡಾ ವಿಭಾಗ ಬ್ಯಾಡ್ಮಿಂಟನ್ನಿನಿಂದ ಬಂಡೆ ಹತ್ತುವವರೆಗೆ ಹತ್ತಾರು ತರಗತಿಗಳನ್ನು ಅಗ್ಗದಲ್ಲಿ, ವಾರದ ಗೊತ್ತಾದ ದಿನ ಗೊತ್ತಾದ ಹೊತ್ತಿಗೆ ನಡೆಸುತ್ತದೆ. ಅಲ್ಲಿ ಮಾತು ಆರಂಭಿಸುವ ಕಷ್ಟವಿಲ್ಲ, ಬಂದು ಹೋಗುತ್ತಿದ್ದರೆ ಸಾಕು, ಪರಿಚಯ ತಾನಾಗಿ ಬೆಳೆಯುತ್ತದೆ.

ಗುಂಪು ಸೇರಿದರೆ ಓದು ಹಾಳು ಎಂಬ ತಂದೆತಾಯಿಯ ಭಯ ಸುಳ್ಳೇನಲ್ಲ. ನಮ್ಮ ಹಾಸ್ಟೆಲುಗಳ ಕಂಬೈನ್ಡ್ ಸ್ಟಡಿ ಎಷ್ಟೋ ಬಾರಿ ಸ್ಟಡಿಯಾಗಿರುವುದಿಲ್ಲ, ಒಬ್ಬನ ಅಸೈನ್‌ಮೆಂಟನ್ನು ಹತ್ತು ಜನ ಇಳಿಸಿಕೊಳ್ಳುವುದಾಗಿರುತ್ತದೆ. ಜರ್ಮನಿಯಲ್ಲಿ ಅದು ವಂಚನೆ. ಸಿಕ್ಕಿಬಿದ್ದರೆ ಆ ವಿಷಯದಲ್ಲಿ ಫೇಲು, ವಿಪರೀತಕ್ಕೆ ಹೋದರೆ ವಿಶ್ವವಿದ್ಯಾಲಯದಿಂದಲೇ ಹೊರಗೆ. ಬರ್ಕ್ಲಿಯ ವಿದ್ಯಾರ್ಥಿಗಳ ಕ್ರಮವನ್ನು ಇಲ್ಲಿ ಗಮನಿಸಬೇಕು: ಮೊದಲು ಒಬ್ಬರೇ ಬಿಡಿಸಿದರು, ಆಮೇಲೆ ಒಟ್ಟಿಗೆ ಕೂತರು. ಈ ಕ್ರಮ ತಲೆಕೆಳಗಾದರೆ ಗುಂಪು ಕೂಡ ಸೋಮಾರಿತನವೇ. ಒಂಟಿಯಾಗಿ ಗುದ್ದಾಡುವ ಗಂಟೆಗಳು ಬೇಡ ಎಂದು ಯಾರೂ ಹೇಳುತ್ತಿಲ್ಲ, ಅವಷ್ಟೇ ಸಾಲವು.

ಹಾಗಾಗಿ ಈ ಸಲ ಸಾಲದ ಅರ್ಜಿ ತುಂಬುತ್ತಿರುವ ಮನೆಗಳಲ್ಲಿ ಒಂದು ಮಾತು ಕೇಳಿಸಿಕೊಳ್ಳಲಿ. ಜರ್ಮನಿಯ ಮಾಸ್ಟರ್ಸ್ ಕಾಗದದ ಮೇಲೆ ನಾಲ್ಕು ಸೆಮಿಸ್ಟರ್; ಅಲ್ಲಿನ ವಿದ್ಯಾರ್ಥಿಗಳೇ ಐದಾರು ಸೆಮಿಸ್ಟರ್ ತೆಗೆದುಕೊಳ್ಳುವುದು ಮಾಮೂಲು, ಅದನ್ನು ಯಾರೂ ಸೋಲೆಂದು ಎಣಿಸುವುದಿಲ್ಲ. ಪದವಿ ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳ ಪರವಾನಗಿಯೂ ಇದೆ. ಹಾಗಾಗಿ ಐದು ಸೆಮಿಸ್ಟರಿನ ಖರ್ಚನ್ನೇ ಲೆಕ್ಕಕ್ಕೆ ಹಿಡಿಯಿರಿ. ಅಷ್ಟು ಹೊಂದಿಸಲು ಆಗದಿದ್ದರೆ ಒಂದು ವರ್ಷ ಇಲ್ಲೇ ದುಡಿದು, ಅಷ್ಟರಲ್ಲಿ ಜರ್ಮನ್ ಕಲಿತು ಹೊರಡಲಿ. ಮೊದಲ ಸೆಮಿಸ್ಟರಿನಲ್ಲಿ ಮಾತ್ರ ಮಗನನ್ನೋ ಮಗಳನ್ನೋ ರಾತ್ರಿ ಪಾಳಿಗೆ ದೂಡಬೇಡಿ. ವಾರದ ಫೋನಿನಲ್ಲಿ ಊಟ ಆಯಿತೇ, ಓದು ಹೇಗಿದೆ ಎಂದು ಕೇಳಿದ ಮೇಲೆ, ಯಾರ ಜೊತೆ ಓದುತ್ತಿದ್ದೀಯ ಎಂದೂ ಕೇಳಿ.